ಗಂಗಮ್ಮನ ಮುಖದ ನೆರಳು

ನನಗೆ ಅನುಮಾನ ಜಾಸ್ತಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಅಪ್ಪ ಆಡಿಕೊಳ್ಳುತ್ತಾರೆ. ಆದರೆ ನನ್ನ ಕಸುಬೇ ಅಂಥದ್ದು. ಮಾಲೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟಿಕ್ಕಿನ ಪುಟ್ಟ ಗೊಂಬೆಗಳನ್ನು ಹಿತ್ತಾಳೆ ಮಾಡುತ್ತೇನೆ. ಮೊದಲು ಮೈಗೆಲ್ಲ ಕಪ್ಪು. ಅದು ಒಣಗಿದ ಮೇಲೆ ಕುಂಚಕ್ಕೆ ಬಂಗಾರದ ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಉಬ್ಬಿದ ಕಡೆ ಮಾತ್ರ ಸವರಬೇಕು. ಕೊನೆಗೆ ನೀರು ಬೆರೆಸಿದ ಕಂದು ಬಣ್ಣವನ್ನು ಸೀರೆಯ ನೆರಿಗೆಗೆ, ಗದ್ದದ ಕೆಳಕ್ಕೆ ಇಳಿಬಿಡಬೇಕು. ಅಲ್ಲಿ ನೆರಳು ನಿಂತರೆ ಗೊಂಬೆಗೆ ನೂರು ವರ್ಷ ವಯಸ್ಸಾದ ಹಾಗೆ. ಕೈಗೆತ್ತಿಕೊಳ್ಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ದಿನವಿಡೀ ಹೀಗೆ ಜನರ ಕಣ್ಣಿಗೆ ಮಣ್ಣೆರಚುವವಳು ಬೆಳ್ಳಗಿರುವುದನ್ನೆಲ್ಲ ಹಾಲು ಅಂತ ನಂಬುವುದು ಹೇಗೆ?

ನಮ್ಮ ಮನೆದೇವರು ಗಂಗಮ್ಮ. ಚೋಟುದ್ದದ ಹಿತ್ತಾಳೆ ವಿಗ್ರಹ. ಅಪ್ಪ, ಚಿಕ್ಕಪ್ಪ ಭಾಗವಾದಾಗ ಹೊಲ ಹಂಚಿಕೊಂಡರು, ದೇವರನ್ನು ಹಂಚಲಾಗಲಿಲ್ಲ. ಹಾಗಾಗಿ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ನಮ್ಮಲ್ಲಿ, ಅದರ ಮುಂದಿನ ವರ್ಷ ತಾಯಲೂರಿನ ಹತ್ತಿರ ಚಿಕ್ಕಪ್ಪನ ಮನೆಯಲ್ಲಿ. ದೇವರು ಬಂದ ಮನೆಯ ಹೆಂಗಸು ಹುಣಸೆಹಣ್ಣು ಹಚ್ಚಿ ತೊಳೆದ ಮೇಲೆಯೇ ಗೂಡಿಗೆ ಏರಿಸಬೇಕು ಅನ್ನುವುದು ಅಜ್ಜಿಯ ಕಾಲದ ಪದ್ಧತಿ. ಆಮೇಲೆ ವರ್ಷವಿಡೀ ಅರಿಶಿನ, ಕುಂಕುಮ, ಹೂವು. ಅದರೊಳಗೆ ಗಂಗಮ್ಮನ ಮುಖ ಹೇಗಿದೆ ಅಂತ ಯಾರೂ ಕೆದಕಿ ನೋಡುವುದಿಲ್ಲ. ನನ್ನ ತಾಯಿ ತೀರಿಕೊಂಡದ್ದರಿಂದ ಈ ಯುಗಾದಿಗೆ ತೊಳೆಯುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು.

ಚಿಕ್ಕಪ್ಪ, ಚಿಕ್ಕಮ್ಮ ಕೋಲಾರದಲ್ಲಿ ಬಸ್ಸು ಬದಲಾಯಿಸಿ ಹಬ್ಬದ ಬೆಳಿಗ್ಗೆಯೇ ಬಂದಿಳಿದರು. ರವಿಕೆ ಕಣದಲ್ಲಿ ಸುತ್ತಿದ ಗಂಗಮ್ಮ ಚಿಕ್ಕಮ್ಮನ ಮಡಿಲಲ್ಲಿತ್ತು. ನಾನು ಕೈಚಾಚಿದರೆ ಕೊಡಲಿಲ್ಲ. ನೇರವಾಗಿ ಗೂಡಿನ ಕಡೆ ಹೊರಟರು.

“ನಾನೇ ಚೆನ್ನಾಗಿ ತೊಳ್ದು ತಂದಿದ್ದೀನಿ ಅಮ್ಮಾಯಿ, ಮತ್ತೆ ಯಾಕೆ ತೊಳೀತೀಯಾ?” ಅಂದರು. ಚಿಕ್ಕಮ್ಮನ ತವರು ಆಂಧ್ರದ ಗಡಿಯಾಚೆ. ಗಾಬರಿಯಾದಾಗಷ್ಟೇ ನಾನು ಅವರಿಗೆ ಅಮ್ಮಾಯಿ ಆಗುವುದು. ನಾನಿನ್ನೂ ಕುಂಬಳಕಾಯಿ ಕಳ್ಳ ಅಂದಿರಲಿಲ್ಲ, ಇವರಾಗಲೇ ಹೆಗಲು ಮುಟ್ಟಿಕೊಳ್ಳುತ್ತಿದ್ದಾರಲ್ಲ ಅನ್ನಿಸಿತು.

ಅಡ್ಡ ನಿಂತು ಅವರ ಮಡಿಲಿಂದ ವಿಗ್ರಹ ತೆಗೆದುಕೊಂಡು, ಬಟ್ಟೆ ಬಿಚ್ಚಿ ನೋಡಿದೆ. ಮೂಗಿನ ಕೆಳಗೆ ಕಂದು ನೆರಳು. ಕೆನ್ನೆಯ ಮೇಲೆ ತೆಳ್ಳಗೆ ಬೆಳಕು. ಬೆಳಕು ಮೇಲಿಂದ ಬೀಳುತ್ತದೆ ಅಂತ ಲೆಕ್ಕ ಹಾಕಿ ನೆರಳು ಕೂರಿಸುವುದು ನನ್ನಂಥವರು. ಉಜ್ಜುವ ಹೆಬ್ಬೆರಳಿಗೆ ಮೇಲೆ ಯಾವುದು, ಕೆಳಗೆ ಯಾವುದು? ಉಜ್ಜಿ ಸವೆದ ವಿಗ್ರಹ ಉಬ್ಬಿದ ಕಡೆಯೆಲ್ಲ ಒಂದೇ ಸಮ ಹೊಳೆಯಬೇಕು. ಇದು ಬಣ್ಣ. ಹಳೇ ಹಿತ್ತಾಳೆ ಕೊಳ್ಳುವವರು ಊರೂರು ಸುತ್ತುತ್ತಿರುವುದು ನೆನಪಾಯಿತು. ಅಂಗೈಯಲ್ಲಿಟ್ಟು ತೂಗಿದೆ. ತೂಕ ಸರಿಯಿತ್ತು. ಸೀಸ ತುಂಬಿಸಿರುತ್ತಾರೆ ಅಂದುಕೊಂಡೆ.

“ಚಿಕ್ಕಪ್ಪ, ಇದು ನಮ್ಮ ಗಂಗಮ್ಮನಾ?”

ಚಿಕ್ಕಪ್ಪನ ಮುಖ ಕೆಂಪಗಾಯಿತು. “ಏನ್ ಮಾತು ಅಂತ ಆಡ್ತೀಯಾ? ದೇವ್ರನ್ನ ಮಾರ್ಕೊಂಡು ತಿನ್ನೋರಾ ನಾವು?”

“ಹಬ್ಬದ ದಿನ ಸುಮ್ನಿರು” ಅಂತ ಅಪ್ಪ ನನ್ನನ್ನು ಗದರಿದರು. ಗದರುತ್ತಲೇ ಕನ್ನಡಕ ಹುಡುಕಿ ಹಾಕಿಕೊಂಡು ವಿಗ್ರಹವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅನುಮಾನ ನನಗೆ ಯಾರ ಕಡೆಯಿಂದ ಬಂತು ಅಂತ ಅವತ್ತು ಗೊತ್ತಾಯಿತು.

“ತೊಳೀಲಿ ಬಿಡು. ಪದ್ಧತಿ ತಾನೇ” ಅಂದರು ಅಪ್ಪ.

“ತೊಳಿಯಮ್ಮ, ತೊಳಿ. ನಮ್ಮೇಲೆ ಅಪವಾದ ಯಾಕೆ” ಅಂದರು ಚಿಕ್ಕಪ್ಪ. ಅವರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಚಿಕ್ಕಮ್ಮ ಮಾತ್ರ ಗೋಡೆಗೆ ಒರಗಿ ಕೂತುಬಿಟ್ಟರು.

ಹಿತ್ತಲ ನಲ್ಲಿಯ ಕೆಳಗೆ ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಕೂತೆ. ಅಪ್ಪ, ಚಿಕ್ಕಪ್ಪ ಬಾಗಿಲಲ್ಲಿ ನಿಂತರು. ಅಡಿಗೆ ಪ್ರೈಮರ್ ಬಳಿಯದೆ ಹಚ್ಚಿದ ಬಣ್ಣ, ನಾಲ್ಕು ಸಲ ಉಜ್ಜುವಷ್ಟರಲ್ಲಿ ಸಿಪ್ಪೆಯಂತೆ ಎದ್ದು ಬಂತು. ಒಳಗಿಂದ ಸೀಸದ ಬೂದಿ ಬಣ್ಣ ಇಣುಕುತ್ತದೆ ಅಂತ ಕಾದೆ. ಬಂದದ್ದು ಅಪ್ಪಟ ಹಿತ್ತಾಳೆ. ನಿಜ ಹೇಳಬೇಕೆಂದರೆ ನನಗೆ ನಿರಾಸೆಯೇ ಆಯಿತು. ಪೂರ್ತಿ ತೊಳೆದು ಬೆಳಕಿಗೆ ಹಿಡಿದೆ. ಗಂಗಮ್ಮನಿಗೆ ಮುಖವೇ ಇರಲಿಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಸವೆದು ಹುಣಸೆಬೀಜದ ಹಾಗೆ ನುಣ್ಣಗಿತ್ತು.

ಅಪ್ಪ ವಿಗ್ರಹವನ್ನು ಕೈಗೆ ತೆಗೆದುಕೊಂಡರು. “ಮುಖ ಇಲ್ದಿರೋ ದೇವ್ರನ್ನ ಮನೇಲಿ ಇಟ್ಕೋಬಾರ್ದು. ಕೆರೆಗೆ ಬಿಟ್ಬಿಡೋಣ. ಶಿವಾರಪಟ್ಟಣದ ಶಿಲ್ಪಿಗಳ ಹತ್ರ ಹೊಸದು ಮಾಡಿಸಿದ್ರಾಯ್ತು.”

“ಇದಕ್ಕೇ ನಾನು ಹೆದರ್ಕೊಂಡಿದ್ದು ಭಾವ” ಅಂದರು ಚಿಕ್ಕಮ್ಮ. “ಅಕ್ಕ ಇದ್ದಿದ್ರೆ ತೊಳ್ದು ಸುಮ್ನೆ ಅರಿಶಿನ ಹಚ್ಚಿಬಿಡ್ತಿದ್ರು. ಅಕ್ಕಂಗೆ ಹುಷಾರಿಲ್ದಾಗ ಇಲ್ಲಿಗೆ ಬಂದಿದ್ನಲ್ಲ, ಆವಾಗ ಇವಳು ಗೊಂಬೆಗೆ ಹಚ್ಚೋದು ನೋಡ್ಕೊಂಡೆ. ಮುಳಬಾಗಿಲಲ್ಲಿ ಬಣ್ಣ ತಗೊಂಡು ನಾನೇ ಬರ್ದೆ. ಮದುವೆಯಾಗಿ ಬಂದ ದಿನ ಅತ್ತೆ ನನ್ನ ಕೈಗೆ ಕೊಟ್ಟಿದ್ದು ಈ ಅಮ್ಮನ್ನ. ಹೊಸ ಅಮ್ಮನ್ನ ಕಟ್ಕೊಂಡು ನಾನೇನ್ ಮಾಡ್ಲಿ?”

ನನಗೆ ಅಳು ಬಂತು, ಸಿಟ್ಟೂ ಬಂತು. ಮೊದಲೇ ನನಗೊಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ? ಹೇಳುವಂಥ ಮುಖ ನನ್ನದಲ್ಲ ಅಂತ ಅವರಿಗೆ ಗೊತ್ತಿತ್ತೇನೋ.

“ಕೆರೆಗೆ ಬೇಡಪ್ಪ, ಮುಖ ನಾನು ಬರೀತೀನಿ. ಹೇಗಿತ್ತು ಹೇಳಿ” ಅಂತ ಕುಂಚ, ಬಣ್ಣ ತಂದು ಕೂತೆ.

“ಮೂಗುತಿ ಎಡಕ್ಕಿತ್ತು” ಅಂದರು ಅಪ್ಪ.

“ಎಲ್ಲಿತ್ತಣ್ಣ ಮೂಗುತಿ? ಇರ್ಲೇ ಇಲ್ಲ” ಅಂದರು ಚಿಕ್ಕಪ್ಪ.

ಕಣ್ಣು ಅಗಲವಾಗಿತ್ತೋ, ಅರೆಮುಚ್ಚಿತ್ತೋ? ನಗು ಇತ್ತೋ? ಹುಟ್ಟಿದಾಗಿನಿಂದ ಕೈಮುಗಿದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ಇಷ್ಟು ವರ್ಷ ಹೂವಿಗೇ ಕೈಮುಗಿದವಳು.

“ಮೂಗುತಿ ಬಲಕ್ಕೆ” ಅಂದರು ಚಿಕ್ಕಮ್ಮ, ಕೂತಲ್ಲಿಂದಲೇ. “ತುಟಿ ಒಂದು ಕಡೆ ಸ್ವಲ್ಪ ಮೇಲೆ. ಏನೋ ಹೇಳಕ್ಕೆ ಹೊರಟಂಗೆ.”

ಆ ಮುಖ ಗೊತ್ತಿದ್ದವರಲ್ಲಿ ಉಳಿದವರು ಅವರೊಬ್ಬರೇ. ಗೊತ್ತಿದ್ದಷ್ಟನ್ನೂ ಬರೆದು ತಂದಿದ್ದರು, ನಾನು ಅದನ್ನು ಉಜ್ಜಿ ಮೋರಿಗೆ ಹರಿಸಿದ್ದೆ. ಕುಂಚ ಅವರ ಕೈಗೆ ಕೊಟ್ಟೆ. ಅವರು ಬಲಗಡೆಯ ಮೂಗುತಿಯಿಂದ ಶುರು ಮಾಡಿದರು, ಗಂಗಮ್ಮ ಅಲುಗದಂತೆ ನಾನು ಹಿಡಿದುಕೊಂಡೆ. ಅಪ್ಪ ಮತ್ತೆ ಕೆರೆಯ ಮಾತೆತ್ತಲಿಲ್ಲ.