ಗಂಡನ ಸಹಿ ಸಾಕು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬರೋಡದ ಒಂದು ಆಸ್ಪತ್ರೆಯ ಗುಪ್ತರೋಗ ವಿಭಾಗದಲ್ಲಿ ಡಾಕ್ಟರಾಗಿದ್ದೆ. ಅದೇ ಊರಿನ ಅಲ್ಕಾಪುರಿ ಬಡಾವಣೆಯಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯವನೊಬ್ಬ, ನಾನು ಕನ್ನಡದವನೆಂದು ಯಾರೋ ಹೇಳಿದ್ದನ್ನು ನಂಬಿ ನನ್ನ ಹತ್ತಿರ ಬಂದ. ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ಎಂದು ತಿಳಿಯಿತು. ಸೊಂಟದ ಕೆಳಗೆ ಎರಡೂ ಕಡೆ ಪೆನಿಸಿಲಿನ್ ಚುಚ್ಚಿ, ಹೆಂಡತಿಯನ್ನೂ ಕರೆತಾ ಎಂದೆ. ಆಕೆ ಐದು ತಿಂಗಳ ಬಸುರಿ ಎಂದು ಆಗ ಬಾಯಿಬಿಟ್ಟ. ಔಷಧ ಬೀಳದಿದ್ದರೆ ಹೊಟ್ಟೆಯ ಕೂಸಿಗೂ ರೋಗ ತಗಲುತ್ತದೆ, ಅದು ಉಳಿಯುವುದೇ ಕಷ್ಟ ಎಂದೆ.

"ಗುಳಿಗೆ ಕೊಡಿ ಮಾರಾಯ್ರೆ, ಹಾಲಿಗೆ ಹಾಕಿ ಕೊಡ್ತೇನೆ. ಅವಳಿಗೆ ಗೊತ್ತಾಗುದು ಬೇಡ," ಎಂದ.

ಸಾಂಬಾರಿಗೆ ಹಿಂಗು ಹಾಕಿದಷ್ಟು ಸಲೀಸು ಎಂದುಕೊಂಡಿದ್ದ ಮಹಾಶಯ. ಇದು ಇಂಜೆಕ್ಷನ್ನು, ಕೆಲವರಿಗೆ ಒಗ್ಗದೆ ಪ್ರಾಣವೇ ಹೋಗುತ್ತದೆ, ಮೊದಲು ತೋಳಿಗೆ ಒಂದು ಹನಿ ಚುಚ್ಚಿ ನೋಡಬೇಕು, ಆಕೆಯೇ ಬರಬೇಕು ಎಂದು ಮೂರು ಸಲ ಹೇಳಿದೆ. ಹೋದವನು ಹತ್ತು ದಿನ ತಲೆ ಹಾಕಲಿಲ್ಲ.

ನನಗೆ ತಲೆ ಕೆಟ್ಟಿತು. ಅವನ ಮನೆಗೇ ಹೋಗಿ ಹೇಳಿಬಿಡಲೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ರೋಗಿಯ ಗುಟ್ಟು ರೋಗಿಯದು, ಬಾಯಿಬಿಟ್ಟರೆ ಕೋರ್ಟು ಹತ್ತುತ್ತೀಯ ಎಂದು ಗದರಿದರು. ಹಾಗಾದರೆ ಆಕೆಗೆ ಏನೂ ಹೇಳದೆ ಚುಚ್ಚಬಹುದೇ? ಅದಕ್ಕೆ ಗಂಡನ ಸಹಿ ಇದ್ದರೆ ಸಾಕಂತೆ. ನಮ್ಮ ಬೀದಿಯ ವಕೀಲರನ್ನು ಕೇಳಿದೆ. ಹೇಳಿದರೆ ಗಂಡ ಕೇಸು ಹಾಕಬಹುದು, ಹೇಳದಿದ್ದರೆ ಹೆಂಡತಿ ಹಾಕಬಹುದು, ಆದರೆ ಹೆಂಡತಿಯರು ಹಾಕುವುದಿಲ್ಲ, ನೀವು ನಿಶ್ಚಿಂತೆಯಾಗಿರಿ ಎಂದು ಚಹಾ ಕುಡಿಸಿ ಕಳಿಸಿದರು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಇಲ್ಲಿ ಹುಲಿಗೆ ಹಲ್ಲಿಲ್ಲ ಎಂಬುದೇ ಅವರು ಹೇಳಿದ ಸಮಾಧಾನ.

ಕೊನೆಗೂ ಅವನು ಹೆಂಡತಿಯನ್ನು ಕರೆತಂದ, ಆದರೆ ನನ್ನ ಬಳಿಗಲ್ಲ, ಪಕ್ಕದ ಕೋಣೆಯ ಗುಜರಾತಿ ಡಾಕ್ಟರ ಬಳಿಗೆ. ಆಕೆಗೆ ಗುಜರಾತಿ ಬಾರದು. ತಾನೇ ನಡುವೆ ನಿಂತು, ಇದು ತಾಕತ್ತಿನ ಸೂಜಿ ಎಂದು ದಾಟಿಸಿಬಿಡುವ ಉಪಾಯ. ಆ ಡಾಕ್ಟರು ಪಾಪ, ನಿಮ್ಮ ಭಾಷೆಯವರು ಬಂದಿದ್ದಾರೆ ಎಂದು ಉತ್ಸಾಹದಿಂದ ನನ್ನನ್ನೇ ಕರೆದರು. ಅವನ ಮುಖ ನೋಡಬೇಕಿತ್ತು.

ಇಪ್ಪತ್ತರ ಹುಡುಗಿ. ಕನ್ನಡ ಕಿವಿಗೆ ಬಿದ್ದದ್ದೇ ಅರಳಿದಳು. ಈ ಸೂಜಿ ಯಾವುದಕ್ಕೆ ಎಂದು ಕೇಳಿದಳು. ರಕ್ತದಲ್ಲಿ ರೋಗವಿರಬಹುದು, ಮಗುವಿಗೆ ಹೋಗಬಾರದು, ಅದಕ್ಕೆ ಎಂದೆ. ರೋಗ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ. ಹೆದರಿದ್ದೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಎಲ್ಲಿ ಚುಚ್ಚುತ್ತೀರಿ ಎಂದಳು. ಸೊಂಟದ ಕೆಳಗೆ, ಎರಡೂ ಕಡೆ, ಎರಡು ದಿನ ಕೂರಲು ಕಷ್ಟವಾಗುತ್ತದೆ ಎಂದೆ.

ಅವಳು ಗಂಡನ ಕಡೆ ತಿರುಗಿದಳು. "ಆವತ್ತು ಎರಡು ದಿನ ಕೂರ್ಲಿಕ್ಕಾಗದೆ ನಿಂತುಕೊಂಡೇ ಊಟ ಮಾಡಿದ್ರಲ್ಲ, ಅದು ಇದೇ ಸೂಜಿಯಾ?"

ಅವನು ನೆಲ ನೋಡಿದ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವಳು ನನ್ನ ಕಡೆ ತಿರುಗಿ, "ಚುಚ್ಚಿ ಡಾಕ್ಟ್ರೆ," ಎಂದಳು. ಒಪ್ಪಿಗೆ ಪತ್ರಕ್ಕೆ ಗಂಡ ಆಗಲೇ ಸಹಿ ಹಾಕಿದ್ದ. ಅವಳು ನನ್ನ ಪೆನ್ನು ಕೇಳಿ ಪಡೆದು, ಆ ಸಹಿಯ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದಳು.

ಮುಂದೆ ಮಗು ಚೆನ್ನಾಗಿಯೇ ಹುಟ್ಟಿತು. ಒಪ್ಪಿಗೆ ಪತ್ರ ಮಾತ್ರ ಮರುದಿನವೇ ಕಚೇರಿಯಿಂದ ನನ್ನ ಮೇಜಿಗೆ ವಾಪಸು ಬಂದಿತ್ತು. ಗುಮಾಸ್ತರು ಅವಳ ಹೆಸರಿಗೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಬರೆದಿದ್ದರು: ಗಂಡನ ಸಹಿ ಸಾಕು, ಸಂಬಂಧವಿಲ್ಲದವರು ಇಲ್ಲಿ ಬರೆಯಕೂಡದು.