ಡೋರಿನ್ ಓದಿದ ಹಲಗೆ

ನಮ್ಮಕ್ಕ ಡೋರಿನ್ ಮಾತಿಗೆ ನಿಂತಳೆಂದರೆ ದಕ್ಕೆಯಲ್ಲಿ ದೋಣಿ ಕಟ್ಟುವವರೂ ತಿರುಗಿ ನೋಡಬೇಕು. ಭಾವ ಆಲ್ಸಿಡ್ ತದ್ವಿರುದ್ಧ. ನ್ಯೂ ಬ್ರನ್ಸ್‌ವಿಕ್‌ನ ಈ ಕರಾವಳಿಯಲ್ಲಿ ಲಾಬ್‌ಸ್ಟರ್ ಹಿಡಿದು ಬಾಳಿದ ಅವರು ಆಡುತ್ತಿದ್ದುದೇ ನಾಲ್ಕು ಮಾತು. ಹೋದ ಚಳಿಗಾಲ ಲಕ್ವ ಹೊಡೆದು ಆ ನಾಲ್ಕೂ ಹೋದವು.

ಆಸ್ಪತ್ರೆಯಿಂದ ಬಂದ ಹುಡುಗಿ ರಟ್ಟಿನ ಮೇಲೆ ಚಿತ್ರ ಅಂಟಿಸಿ ಒಂದು ಹಲಗೆ ಮಾಡಿಕೊಟ್ಟಳು. ನೀರು, ನೋವು, ಚಾಕು, ದೋಣಿ, ಹಗ್ಗ, ಲಾಬ್‌ಸ್ಟರ್ ಬೋನು, ಮನೆಯವರ ಫೋಟೋ, ದಿನಾ ಇಸ್ಪೀಟಾಡಲು ಬರುವ ಗೆಳೆಯ ಗಾಸ್ಪಾರನ ಫೋಟೋ. ಮೂಲೆಯಲ್ಲಿ ‘ಹೌದು’, ‘ಅಲ್ಲ’.

"ಅವರು ಬೆರಳಿಟ್ಟಿದ್ದನ್ನ ಹೇಳಿ, ಸರಿನಾ ಅಂತ ಕೇಳಿ. ನೀವೇ ಊಹೆ ಮಾಡ್ಬೇಡಿ" ಎಂದಳು ಹುಡುಗಿ.

"ಇಷ್ಟು ವರ್ಷ ಸಂಸಾರ ಮಾಡಿದೀನಿ ಕಣಮ್ಮಾ, ಇವರ ಮನಸ್ಸಲ್ಲಿರೋದು ನನಗೆ ಗೊತ್ತಾಗಲ್ವಾ?" ಎಂದಳು ಅಕ್ಕ.

ಗೊತ್ತಾಗುತ್ತಿತ್ತು. ತೊಂದರೆಯೇ ಅದು.

ಒಂದು ಮಧ್ಯಾಹ್ನ ಗಾಸ್ಪಾರ್ ಎಲೆ ಹಂಚಿದರೂ ಭಾವ ಮುಟ್ಟಲಿಲ್ಲ. ಹಲಗೆ ಎಳೆದುಕೊಂಡರು. ಚಾಕು, ಹಗ್ಗ, ಬೋನು. ಆಮೇಲೆ ಗಾಸ್ಪಾರನ ಫೋಟೋ. ಕೊನೆಗೆ ತಮ್ಮದೇ ಫೋಟೋದ ಮೇಲೆ ಬೆರಳೊತ್ತಿ ಹಿಡಿದರು.

ನಮ್ಮಲ್ಲಿ ಇನ್ನೊಬ್ಬನ ಬೋನಿನ ಹಗ್ಗ ಕತ್ತರಿಸುವುದಕ್ಕಿಂತ ಹೇಸಿಗೆ ಕೆಲಸವಿಲ್ಲ. ಹಗ್ಗ ಹೋದರೆ ಬೋನು ಕಡಲ ತಳದಲ್ಲೇ. ಗಾಸ್ಪಾರನ ಬೋನುಗಳು ಹಿಂದೆ ಹಾಗೇ ಹೋಗಿದ್ದವು. ಪಾಪ, ದೋಣಿ ಮಾರಿದವನು ಇವತ್ತಿಗೂ ಕಂಡವರ ದೋಣಿಯಲ್ಲಿ ಕೂಲಿ. ಯಾರ ಕೆಲಸವೆಂದು ಊರಿಗೆ ತಿಳಿಯಲೇ ಇಲ್ಲ.

ಅಕ್ಕನ ಮುಖ ಬಿಳಚಿಕೊಂಡಿತು. ಮರುಕ್ಷಣವೇ ನಕ್ಕಳು. "ಅಯ್ಯೋ, ಇವರಿಗೆ ಲಾಬ್‌ಸ್ಟರ್ ತಿನ್ನೋ ಆಸೆ ಕಣೋ! ನೀನೇ ತಂದು ಕತ್ತರಿಸಿ ಕೊಡ್ಬೇಕಂತೆ."

ಭಾವ ‘ಅಲ್ಲ’ದ ಮೇಲೆ ಬೆರಳು ಕುಟ್ಟಿದರು.

"ಇವತ್ತಲ್ಲವಂತೆ, ನಾಳೆಗಂತೆ" ಎಂದು ಅಕ್ಕ ಹಲಗೆ ಕಿತ್ತುಕೊಂಡು ಫ್ರಿಜ್ ಮೇಲಿಟ್ಟಳು.

"ಬಾಯಿಚಪಲದ ಮುದುಕ! ಮೊದಲೇ ಕೇಳೋಕೇನಾಗಿತ್ತು?" ಎಂದು ಗಾಸ್ಪಾರ್ ನಗುತ್ತಾ ಹೋದ.

ನನಗೆ ಮೈಯೆಲ್ಲ ಉರಿಯಿತು. "ಥೂ, ಏನಕ್ಕಾ ಇದು? ಭಾವ ಹೇಳಿದ್ದು ಅದಲ್ಲ."

"ಬಾಯ್ಮುಚ್ಚೇ. ನಾಳೆ ಇಗರ್ಜೀಲಿ ನಾನು ಮುಖ ಎತ್ಕೊಂಡು ಕೂರೋದು ಬೇಡ್ವಾ?"

ಮರುದಿನ ಗಾಸ್ಪಾರ್ ದಕ್ಕೆಯಿಂದ ಎರಡು ದಪ್ಪ ಲಾಬ್‌ಸ್ಟರ್ ತಂದ. ತಾನೇ ಬೇಯಿಸಿ, ಚಿಪ್ಪೊಡೆದು, ಬೆಣ್ಣೆಯಲ್ಲಿ ಅದ್ದಿ ಭಾವನ ಬಾಯಿಗೆ ಹಿಡಿದ. ಭಾವ ತುಟಿ ಬಿಗಿದುಕೊಂಡರು. ಕಣ್ಣಲ್ಲಿ ನೀರು.

"ತಿನ್ನೋ ಮಾರಾಯ. ನನ್ನ ಹತ್ರ ಎಂಥ ನಾಚಿಕೆ?" ಎನ್ನುತ್ತಾ ಅವರ ಗಲ್ಲಕ್ಕೆ ಇಳಿದ ಬೆಣ್ಣೆಯನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ.

ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ನಾಚಿಕೆಯಿಂದ ಕಿವಿಯವರೆಗೆ ಕೆಂಪಾಗಿದ್ದಳು. ಹಲಗೆ ಇಳಿಸಿ ಭಾವನ ತೊಡೆಯ ಮೇಲಿಟ್ಟಳು.

"ನಿನ್ನೆ ನಾನು ಸುಳ್ಳು ಹೇಳ್ದೆ, ಗಾಸ್ಪಾರ್. ಇವರಿಗೆ ಯಾವ ಆಸೇನೂ ಇರ್ಲಿಲ್ಲ."

ಭಾವ ಮತ್ತೆ ಅದೇ ಚಿತ್ರಗಳ ಮೇಲೆ ಬೆರಳಿಟ್ಟರು. ಈ ಸಲ ಅಕ್ಕ ಒಂದೊಂದನ್ನೇ ಓದಿದಳು. "ಚಾಕು. ಹಗ್ಗ. ಬೋನು. ನಿನ್ನದು. ಕತ್ತರಿಸಿದ್ದು... ಇವರು."

ಭಾವ ‘ಹೌದು’ ಒತ್ತಿದರು.

ಗಾಸ್ಪಾರ್ ಬೆಣ್ಣೆಯ ಬಟ್ಟಲನ್ನು ಮೇಜಿನ ಮೇಲಿಟ್ಟ. ಆಮೇಲೆ ಅಕ್ಕನ ಕಡೆ ತಿರುಗಿದ.

"ನಿನಗೆ ಯಾವಾಗ ಗೊತ್ತಾಯ್ತು, ಡೋರಿನ್?"

"ಆವತ್ತೇ."

"ನಾನು ದೋಣಿ ಮಾರಿದ ದಿನ ನನ್ನ ಹೆಂಡತಿ ಜೊತೆ ಕೂತು ಅತ್ತಿದ್ಯಲ್ಲ, ಆಗ್ಲೂ ಗೊತ್ತಿತ್ತಾ?"

ಅಕ್ಕ ತಲೆ ತಗ್ಗಿಸಿದಳು.

"ಇವನು ಬಾಯಿ ಹೋದ್ಮೇಲಾದ್ರೂ ಹೇಳ್ದ" ಎಂದ ಗಾಸ್ಪಾರ್. "ನಿನಗೇನಾಗಿತ್ತು?"

ಟೋಪಿ ಹಾಕಿಕೊಂಡು ಹೊರಟುಹೋದ.