ಟೈಪ್ ಮಾಡದೆ ಬಿಟ್ಟ ಮಾತು

ಮೈಸೂರಿನಲ್ಲಿ ಸೀನಿಯರ್ ಟೈಪಿಂಗ್ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು ನಾನು. ಆ ಜಂಬ ಡೆಟ್ರಾಯಿಟ್‌ಗೆ ಬಂದ ಮೇಲೂ ಇಳಿದಿರಲಿಲ್ಲ. ಗಂಡ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಹಳೆಯ ಟೈಪ್‌ರೈಟರನ್ನು ಅವರು ತಂದುಕೊಟ್ಟಿದ್ದರು. ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಅಪಾರ್ಟ್‌ಮೆಂಟಿನವರಿಗೆಲ್ಲ ಅರ್ಜಿ, ಕಾಗದ ಟೈಪ್ ಮಾಡಿಕೊಡುತ್ತಿದ್ದೆ. ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಹರಿದು ಹೊಸದಾಗಿ ಶುರುಮಾಡುತ್ತಿದ್ದೆ.

ಕೆಳಗಿನ ಮಹಡಿಗೆ ಅಣ್ಣನ ಜೊತೆ ಇರಲು ಬಂದ ಹುಡುಗಿ ಬಾಂಗ್ಲಾದೇಶದವಳು. ಅಲ್ಲಿ ಎಪ್ಪತ್ತೊಂದರ ಯುದ್ಧ ಮುಗಿದು ವರ್ಷದ ಮೇಲಾಗಿತ್ತು. ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಮಷೀನಿನ ಮುಂದೆ ಪರಿಚಯವಾಯಿತು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮಿಬ್ಬರ ಮಾತು ಹರಕುಮುರುಕು ಹಿಂದಿಯಲ್ಲಿ. ನನ್ನನ್ನು ದೀದಿ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಬಂದು, ಶಿಕಾಗೋದ ವಕೀಲರೊಬ್ಬರು ಯುದ್ಧದಲ್ಲಿ ನೊಂದವರ ಹೇಳಿಕೆಗಳನ್ನು ಸೇರಿಸಿ ಢಾಕಾದ ಕೋರ್ಟಿಗೆ ಕಳಿಸುತ್ತಿದ್ದಾರೆ, ತನ್ನದನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡಬೇಕು ಎಂದಳು.

"ಅಣ್ಣನ ಮುಂದೆ ಹೇಳೋಕಾಗಲ್ಲ ದೀದಿ. ನಿಮ್ಮ ಮುಂದೆ ಹೇಳ್ತೀನಿ. ಆದ್ರೆ ಒಂದೇ ಸಲ. ಇನ್ನೊಂದ್ ಸಲ ನನ್ನ ಬಾಯಿಂದ ಬರಲ್ಲ."

ಹೇಳಿದಳು. ಅವಳ ಅಪ್ಪನ ಜೊತೆ ದಿನಾ ಚಹಾ ಕುಡಿಯುತ್ತಿದ್ದ ಊರಿನ ಅಕ್ಕಿ ವ್ಯಾಪಾರಿಯೊಬ್ಬ ಪಾಕಿಸ್ತಾನಿ ಸೈನ್ಯದ ಕಡೆ ಸೇರಿಕೊಂಡು, ಅವಳನ್ನು ಒಂಬತ್ತು ದಿನ ತನ್ನ ಗೋದಾಮಿನಲ್ಲಿ ಕೂಡಿಹಾಕಿದ್ದ. ಅಲ್ಲಿ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಈಗ ಜೈಲಿನಲ್ಲಿದ್ದ, ವಿಚಾರಣೆ ಇನ್ನೂ ನಡೆಯಬೇಕಿತ್ತು. ಅವಳು ಏನನ್ನೂ ಮುಚ್ಚಿಡಲಿಲ್ಲ, ಗೋಣಿಚೀಲದ ವಾಸನೆಯನ್ನೂ ಬಿಡಲಿಲ್ಲ. ಹೇಳುವಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ತಲೆ ತಗ್ಗಿಸಿದ್ದು ನಾನು.

ಗೋದಾಮಿನ ತನಕ ನನ್ನ ಬೆರಳುಗಳು ಸರಾಗವಾಗಿ ಓಡಿದವು. ಆಮೇಲೆ ನಿಂತವು. ಮದುವೆಯಾಗಬೇಕಾದ ಹುಡುಗಿ, ನಾಳೆ ಈ ಕಾಗದ ಯಾರ್ಯಾರ ಕೈಗೆ ಹೋಗುತ್ತದೋ, ಅವಳ ಮಾನ ಉಳಿಸುವುದು ನನ್ನ ಕೈಯಲ್ಲಿದೆ ಎಂದುಕೊಂಡೆ. ಇದು ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನ. ನಿಜ ಹೇಳಬೇಕೆಂದರೆ, ಆ ಶಬ್ದವನ್ನು ನನ್ನ ಕೈಯಾರೆ ಒತ್ತಲು ನನಗೇ ಮುಜುಗರವಾಗಿತ್ತು. ಕೂಡಿಹಾಕಿ ಕಿರುಕುಳ ಕೊಟ್ಟ ಎಂದಷ್ಟೇ ಟೈಪ್ ಮಾಡಿದೆ. ಹಿಂದಿಯಲ್ಲಿ ಓದಿ ಹೇಳುವಾಗ ಆ ಸಾಲು ಬಂದೊಡನೆ, "ಇಲ್ಲಿ ನೀನು ಹೇಳಿದ ಹಾಗೇ ಹಾಕಿದೀನಿ" ಎಂದು ಮುಂದಕ್ಕೆ ಹಾರಿದೆ. ಅವಳು ನಂಬಿ ಸಹಿ ಹಾಕಿದಳು.

ಸಂಜೆ ಗಂಡ ವಿಷಯ ಕೇಳಿ, "ಇನ್ನೊಬ್ರ ದೇಶದ ಉಸಾಬರಿ ನಮಗ್ಯಾಕೆ?" ಎಂದರು. ದೊಡ್ಡ ನ್ಯಾಯದ ಕೆಲಸ ಮಾಡಿದವಳ ಹಾಗೆ ಅವರ ಮೇಲೆ ರೇಗಿದೆ. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಹಿಮ ಬೀಳತೊಡಗಿದ ದಿನಗಳಲ್ಲಿ ಅವಳು ವಕೀಲರ ಕಾಗದ ಹಿಡಿದು ಬಂದಳು. ಅದನ್ನು ಓದಿ ಹೇಳಬೇಕಾದವಳೂ ನಾನೇ. ಬಾಂಗ್ಲಾದೇಶದ ಸರ್ಕಾರ ಸೈನ್ಯದ ಕಡೆ ಸೇರಿದ್ದವರ ಸಣ್ಣ ಅಪರಾಧಗಳಿಗೆ ಕ್ಷಮೆ ಕೊಟ್ಟಿತ್ತು. ಕೊಲೆ, ಅತ್ಯಾಚಾರದಂಥ ಅಪರಾಧ ಮಾಡಿದವರಿಗೆ ಮಾತ್ರ ಕ್ಷಮೆಯಿರಲಿಲ್ಲ. ಇವಳ ಹೇಳಿಕೆಯಲ್ಲಿ ಅಂಥದ್ದೇನೂ ಇಲ್ಲವಾದ್ದರಿಂದ ವ್ಯಾಪಾರಿ ಬಿಡುಗಡೆಯಾಗುತ್ತಾನೆ, ಇನ್ನೇನಾದರೂ ಹೇಳುವುದಿದ್ದರೆ ತಕ್ಷಣ ಬರೆಯಿರಿ ಎಂದು ವಕೀಲರು ಬರೆದಿದ್ದರು.

ಅವಳು ಕೂಗಾಡಲಿಲ್ಲ. "ನಾನು ಹೇಳಿದ್ದು ನೀವು ಹಾಕ್ಲಿಲ್ವಾ ದೀದಿ?" ಎಂದಳು.

"ನಿನ್ನ ಮಾನ ಉಳೀಲಿ ಅಂತ..."

"ನನ್ನ ಮಾನಕ್ಕೆ ಏನಾಗಿತ್ತು?"

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮತ್ತೆ ಹೇಳು ಎಂದು ಕೇಳಲು ನನಗೆ ಯಾವ ಮುಖವಿತ್ತು? ಕೇಳುವ ಅಗತ್ಯವೂ ಇರಲಿಲ್ಲ. ನಾನು ಬಿಟ್ಟ ಒಂದೊಂದು ಮಾತೂ ನೆನಪಿತ್ತು. ಅಲ್ಲೇ ಕೂತು ಎಲ್ಲವನ್ನೂ ಟೈಪ್ ಮಾಡಿದೆ. ಹಾಳೆ ಹೊರಗೆಳೆದು ಪೆನ್ನು ಕೊಡಹೋದರೆ ಅವಳು ತೆಗೆದುಕೊಳ್ಳಲಿಲ್ಲ.

"ಈ ಸಲ ಪೂರ್ತಿ ಓದಿ ಹೇಳಿ. ಒಂದ್ ಸಾಲೂ ಬಿಡಬೇಡಿ."

ಓದಿದೆ. ಅಪ್ಪ, ಚಹಾ, ಗೋದಾಮು, ಗೋಣಿಚೀಲ ಎಲ್ಲ ಬಂದವು. ಆ ಶಬ್ದದ ಹತ್ತಿರ ಬಂದು ನಿಂತೆ. ಮತ್ತೆ ಮೊದಲಿನಿಂದ ಶುರುಮಾಡಿ, ಮತ್ತೆ ಅಲ್ಲೇ ನಿಂತೆ. ಅವಳು ಆ ಸಾಲನ್ನು ತಾನೇ ಹೇಳಿ ಮುಗಿಸಿ, ಪೆನ್ನಿಗೆ ಕೈಚಾಚಿದಳು.

ಕಾಗದವನ್ನು ಅವತ್ತೇ ಪೋಸ್ಟ್ ಮಾಡಿದೆವು. ಬೇಸಿಗೆಗೆ ಅಣ್ಣ ತಂಗಿ ಬೇರೆ ಊರಿಗೆ ಹೋದರು. ಆ ವ್ಯಾಪಾರಿಗೆ ಶಿಕ್ಷೆಯಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಒಂದೇ ಸಲ ಹೇಳುತ್ತೇನೆ ಎಂದಿದ್ದ ಮಾತನ್ನು ಅವಳು ಎರಡನೇ ಸಲ ಹೇಳುವ ಹಾಗೆ ಮಾಡಿದವಳು ನಾನು ಎಂಬುದಷ್ಟೇ ನನಗೆ ಗೊತ್ತು.